ರಸೂಲಸಾಬನ ಅರಬ್ಬಿ

ಇಂಡಿ ತಾಲೂಕಿನ ಹೊರ್ತಿಯಲ್ಲಿ ರಸೂಲಸಾಬ ಪಿಂಜಾರನ ಹೆಸರು ಎರಡು ಕೆಲಸಕ್ಕೆ. ಒಂದು, ಅರಳೆ ಹಿಂಜಿ ಗಾದಿ ತುಂಬುವುದು. ಇನ್ನೊಂದು, ಅರಬ್ಬಿ ಓದುವುದು. ಕನ್ನಡ ಸಾಲಿಗೆ ಅವನು ಹೋದದ್ದು ಎರಡೇ ವರ್ಷ. ಅರಬ್ಬಿಯನ್ನು ಅಪ್ಪ ಆರನೇ ವಯಸ್ಸಿಗೇ ಹಲಗೆಯ ಮೇಲೆ ತಿದ್ದಿಸಿದ್ದ. ಅಲ್ಲಿಂದ ನಲವತ್ತು ವರ್ಷ, ಅರಳೆ ಹಿಂಜುವ ಬಿಲ್ಲು ಕೈಗೆತ್ತಿಕೊಳ್ಳುವ ಮೊದಲು ಕುರಾನಿನ ಒಂದು ಪುಟ ಓದದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಮಗು ಹುಟ್ಟಿದರೂ ಅವನೇ ಬರಬೇಕು, ಯಾರಾದರೂ ತೀರಿಕೊಂಡರೂ ಅವನೇ ಬರಬೇಕು. ಧ್ವನಿ ಅಂಥದ್ದು.

ಓದಲು ಕಲಿಸಿದ ಅಪ್ಪ ಅರ್ಥ ಕಲಿಸಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅದೊಂದು ಕೊರತೆ ಎಂದು ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನಾಲಿಗೆಯ ಮೇಲೆ ತೊಡಕಿಲ್ಲದೆ ಹರಿದರೆ ಭಾಷೆ ಬಂತೆಂದೇ ಎಲ್ಲರೂ ತಿಳಿದಿದ್ದರು. ರಸೂಲಸಾಬನೂ ಹಾಗೇ ತಿಳಿದಿದ್ದ.

ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ರಸೂಲಸಾಬ, ಹೆಂಡತಿ ಹಜರಾಬಿ ಇಬ್ಬರೂ ಹಜ್‌ಗೆ ಹೊರಟರು. ಪಕ್ಕದ ಮನೆಯ ಪರಪ್ಪ ಇಂಡಿ ಸ್ಟೇಷನ್ನಿಗೆ ಗಾಡಿ ಕಟ್ಟಿಕೊಂಡು ಬಂದಿದ್ದ.

"ನಿಮಗೇನ ಚಿಂತಿ ರಸೂಲಣ್ಣಾ, ಅಲ್ಲಿ ಮಾತು ಬರ್ತೈತಿ. ಹಜರಾಬಿ ಅಕ್ಕಂದ ಕಷ್ಟ ಐತಿ ನೋಡ್ರಿ," ಅಂದ ಪರಪ್ಪ.

"ಆಕಿ ನನ್ನ ಬೆನ್ನ ಹಿಂದ ಇರ್ತಾಳ ಬಿಡೋ," ಅಂದ ರಸೂಲಸಾಬ.

ಹಜ್ ಸುಸೂತ್ರವಾಗಿ ಮುಗಿಯಿತು. ತಿಂಗಳೊಪ್ಪತ್ತು ಗಂಡಸರೆಲ್ಲ ತಮ್ಮ ಕಡೆಯವರ ಜೊತೆಗೇ ಇದ್ದರು. ಮಾತಾಡಬೇಕಾದಲ್ಲೆಲ್ಲ ಉರ್ದು ಬಲ್ಲ ಒಬ್ಬ ಗುಮಾಸ್ತ ಮುಂದೆ ನಿಲ್ಲುತ್ತಿದ್ದ. ಹೀಗಾಗಿ ರಸೂಲಸಾಬನ ಅರಬ್ಬಿಗೆ ಪರೀಕ್ಷೆ ಬರಲೇ ಇಲ್ಲ. ವಾಪಸ್ ಜಿದ್ದಾಕ್ಕೆ ಬಂದು ಹದಿನೈದು ದಿನ ಹಡಗಿಗೆ ಕಾಯುತ್ತ ಕೂತರು. ಕಡೆಗೆ ಹಡಗು ನಾಳೆ ಮಧ್ಯಾಹ್ನಕ್ಕೆ ಅನ್ನುವ ದಿನ ಬಂತು.

ಅವತ್ತು ಬೆಳಿಗ್ಗೆ ನಾಲತವಾಡದ ಮೋದಿನಸಾಬ ಓಡುತ್ತ ಬಂದ. ಅವನೂ ಇವರ ಜೊತೆ ಬಂದ ಹಾಜಿ.

"ರಸೂಲಣ್ಣಾ, ಅತ್ತಿಗಿ ನಳದ ಮುಂದ ಬಿಸಲಿಗೆ ತಲಿ ತಿರುಗಿ ಬಿದ್ದಾಳ. ಯಾರೋ ಹೆಣ್ಮಕ್ಕಳು ಮೋಟಾರದಾಗ ಹಾಕ್ಕೊಂಡು ದವಾಖಾನಿಗೆ ಒಯ್ದ್ರು."

"ಯಾವ ದವಾಖಾನಿ?"

"ಯಾರಿಗೆ ಗೊತ್ತು. ಗುಮಾಸ್ತ ಬಂದರಿಗೆ ಹೋಗ್ಯಾನ, ಸಂಜೀಕ ಬರ್ತಾನ. ತಡೀರಿ, ಅವ ಬರ್ಲಿ."

"ಅವ ಯಾಕ ಬೇಕು? ನನಗ ಅರಬಿ ಬರ್ತೈತಿ," ಎಂದು ರಸೂಲಸಾಬ ಹೊರಟೇಬಿಟ್ಟ.

ಎರಡು ಓಣಿ ದಾಟಿ ಒಂದು ರೊಟ್ಟಿ ಅಂಗಡಿಯ ಮುಂದೆ ನಿಂತ. ಅಂಗಡಿಯವನು ತಲೆ ಎತ್ತಿ ನೋಡಿದ. ರಸೂಲಸಾಬ ಬಾಯಿ ತೆರೆದ. ನನ್ನ ಹೆಂಡತಿ ಎಲ್ಲಿ ಎಂದು ಕೇಳಬೇಕು. ಹೆಂಡತಿಗೆ ಏನನ್ನುತ್ತಾರೆ? ಎಲ್ಲಿ ಅನ್ನುವುದಕ್ಕೆ ಏನನ್ನುತ್ತಾರೆ? ನಲವತ್ತು ವರ್ಷ ಓದಿದ ನಾಲಿಗೆಯ ಮೇಲೆ ಒಂದು ಶಬ್ದವೂ ಇರಲಿಲ್ಲ.

ಅಂಗಡಿಯವನು ಏನೋ ಕೇಳಿದ. ಅಕ್ಷರಗಳೆಲ್ಲ ಪರಿಚಯದವು, ಗಂಟಲಲ್ಲಿ ಎಲ್ಲಿಂದ ಹೊರಡುತ್ತವೆ ಎನ್ನುವುದೂ ಗೊತ್ತು. ಅರ್ಥ ಮಾತ್ರ ಒಂದೂ ಇಲ್ಲ.  

ಮತ್ತೇನು ಮಾಡುತ್ತಾನೆ? ತನಗೆ ಬರುವುದನ್ನೇ ಶುರು ಮಾಡಿದ. ಬಾಯಿಪಾಠ ಇದ್ದ ಒಂದು ಅಧ್ಯಾಯವನ್ನು ಮೊದಲಿನಿಂದ ಓದಿದ. ಇದರಲ್ಲಿ ಎಲ್ಲಾದರೂ ತನಗೆ ಬೇಕಾದ ಮಾತು ಇದ್ದೀತು, ಇವನು ಅದನ್ನು ಹಿಡಿದಾನು ಎಂಬ ಆಸೆ. ಅಂಗಡಿಯವನು ಕೈಯಲ್ಲಿದ್ದ ಹಿಟ್ಟು ಬಿಟ್ಟು, ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೇಳಿದ. ಹಾದಿಯಲ್ಲಿ ಹೋಗುವ ಇಬ್ಬರೂ ನಿಂತರು. ಮುಗಿದ ಮೇಲೆ ಅಂಗಡಿಯವನು ಕಣ್ಣು ಒರೆಸಿಕೊಂಡು, ಎರಡು ಬಿಸಿ ರೊಟ್ಟಿ ತೆಗೆದು ರಸೂಲಸಾಬನ ಕೈಯಲ್ಲಿಟ್ಟ.

ತನ್ನನ್ನು ಬೇಡಲು ಬಂದವನೆಂದು ತಿಳಿದಿದ್ದಾರೆ. ಅದು ಹೊಳೆದಾಗ ರಸೂಲಸಾಬ ರೊಟ್ಟಿ ಹಿಡಿದುಕೊಂಡು ಗರ ಬಡಿದವನಂತೆ ನಿಂತುಬಿಟ್ಟ. ಒಳಗೆ ಒಂದೇ ಮಾತು ಕುಟ್ಟುತ್ತಿತ್ತು: ಹಜರಾಬಿ ಸಿಗಲಿಲ್ಲ ಅಂದರೆ ನಾಳೆ ಹಡಗು ಹೋಗುತ್ತದೆ.

ಕಡೆಗೆ ನಾಚಿಕೆ ಬಿಟ್ಟ. ರೊಟ್ಟಿ ಕಟ್ಟೆಯ ಮೇಲಿಟ್ಟು, ಮುಂಗೈ ಮುಟ್ಟಿ ಬಳೆ ತೋರಿಸಿದ. ಟವೆಲ್ಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದ. ಸೂರ್ಯನತ್ತ ಬೆರಳು ಮಾಡಿ, ದೊಪ್ಪೆಂದು ಬಿದ್ದು ಮಲಗಿ ತೋರಿಸಿದ. ಅಂಗಡಿಯವನು ನಗಲಿಲ್ಲ. ಕೈ ಹಿಡಿದು ಎಬ್ಬಿಸಿ, ಅಂಗಡಿ ಬಾಗಿಲು ಎಳೆದುಕೊಂಡು, ತಾನೇ ದವಾಖಾನೆಗೆ ಕರೆದೊಯ್ದ.

ಹೆಂಗಸರ ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಅಡ್ಡ ನಿಂತಳು. ಅವಳು ಕೇಳಿದ್ದಕ್ಕೆ ಉತ್ತರ ಕೊಡಲಾಗದೆ ರಸೂಲಸಾಬ ತಡವರಿಸುತ್ತಿದ್ದಾಗ ಒಳಗಿನಿಂದ ಒಂದು ಧ್ವನಿ ಬಂತು.

"ಜೋಜಿ, ಜೋಜಿ."

ಹಜರಾಬಿ ಮಂಚದ ಮೇಲೆ ಕೂತಿದ್ದಳು. ನರ್ಸಮ್ಮ ಸರಿದು ದಾರಿ ಬಿಟ್ಟಳು.

"ಏನಂದಿ ಆಕಿಗೆ?"

"ನನ್ನ ಗಂಡ ಅಂದೆ ರೀ. ಮೋತಿ ಯಾಕ ಹಿಂಗಾಗೇತಿ ನಿಮ್ದು? ನೀರು ಕುಡೀತೀರಿ?" ಎಂದು, ಪಕ್ಕದ ಮಂಚದ ಅರಬ್ಬಿ ಹೆಂಗಸಿನತ್ತ ತಿರುಗಿ, "ಮೋಯಾ," ಅಂದಳು. ಆ ಹೆಂಗಸು ಹೂಜಿ ದಾಟಿಸಿದಳು.

ರಸೂಲಸಾಬ ಹೂಜಿ ಹಿಡಿದುಕೊಂಡೇ ಹೆಂಡತಿಯನ್ನು ನೋಡಿದ. ಅರಬ್ಬಿಯ ಮೊದಲ ಅಕ್ಷರ ಅಲಿಫ್ ಕೂಡ ಗುರುತಿಸಲಾಗದವಳು ಇವಳು.

"ನಿನಗ ಯಾರು ಕಲಿಸಿದ್ರು?"

"ಯಾರು ಕಲಿಸ್ತಾರ. ಒಂದು ತಿಂಗಳು ನಳದ ಮುಂದ ಪಾಳಿ ಹಚ್ಚೇನಿ. ಬಾಯಿ ಬಿಡಲಿಲ್ಲಂದ್ರ ಕೊಡ ತುಂಬತೈತೇನು?"

ಅಷ್ಟರಲ್ಲಿ ಡಾಕ್ಟರ್ ಬಂದು, ಇನ್ನೂ ಎರಡು ದಿನ ಎಂಬಂತೆ ಎರಡು ಬೆರಳು ತೋರಿಸಿದ.  ಹಜರಾಬಿ ಆಗದು ಎಂಬಂತೆ ತಲೆ ಅಲ್ಲಾಡಿಸಿದಳು. "ಬುಕ್ರಾ, ಬಾಬೂರ," ಅಂದಳು. ಮತ್ತೆ ಅದನ್ನೇ ಅಂದಳು. ಎದ್ದು ನಾಲ್ಕು ಹೆಜ್ಜೆ ನಡೆದೂ ತೋರಿಸಿದಳು. ಡಾಕ್ಟರ್ ನಾಡಿ ಹಿಡಿದು ನೋಡಿ, ಸ್ವಲ್ಪ ಯೋಚಿಸಿ, ಹೋಗಲು ಚೀಟಿ ಬರೆದುಕೊಟ್ಟ.

"ಏನಂದಿ?"

"ನಾಳಿಗೆ ಹಡಗ ಐತಿ ಅಂದೆ. ನಳದ ಮುಂದ ಹದಿನೈದು ದಿನದಿಂದ ಎಲ್ಲಾರ ಬಾಯಾಗೂ ಅದೇ ಮಾತಲ್ರಿ."

ಮರುದಿನ ಹಡಗು ಬಿಟ್ಟಿತು. ಹಡಗಿನಲ್ಲೂ ರಸೂಲಸಾಬ ನಮಾಜು ಬಿಡಲಿಲ್ಲ, ಓದುವುದನ್ನೂ ಬಿಡಲಿಲ್ಲ. ಆದರೆ ಓದುತ್ತ ಓದುತ್ತ ನಡುವೆ ನಿಂತುಬಿಡುತ್ತಿದ್ದ. ಒಂದು ಶಬ್ದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿರುತ್ತಿದ್ದ.

ಮೂರನೇ ದಿನ ಹೆಂಡತಿಯ ಹತ್ತಿರ ಬಂದು ಕೂತ.

"ರೊಟ್ಟಿಗೆ ಏನಂತಾರ?"

"ಏಶ್. ಹಸಿವಾಗೇತೇನ್ರಿ?"

"ಇಲ್ಲ," ಅಂದ ರಸೂಲಸಾಬ. "ಹೇಳು. ಇನ್ನೊಂದು ಹೇಳು."