ಹುಳು ಎದ್ದ ವಾರ

ಐವತ್ತಾರನೇ ಇಸವಿ. ಕೆಂಗೇರಿಯ ಪಾಪಮ್ಮನ ಮಗಳು ಹೊನ್ನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ತಾಯಿ ಪಕ್ಕದಲ್ಲೇ ಕೂತು ಸನ್ನೆಯಲ್ಲಿ ಪಾಠ ತಿಳಿಸುವುದಾದರೆ ಮಾತ್ರ ಶಾಲೆಗೆ ಬರಲಿ ಎಂದಿದ್ದರು ಮೇಷ್ಟ್ರು. ಹುಡುಗಿ ಆಗಲೇ ತನ್ನ ಹೆಸರು ಬರೆಯುತ್ತಿದ್ದಳು. ಅಷ್ಟರಲ್ಲಿ ಮನೆಯ ರೇಷ್ಮೆಹುಳುಗಳು ಕೊನೆಯ ಜ್ವರದಿಂದ, ಎಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು, ಹೊತ್ತುಹೊತ್ತಿಗೂ ಸೊಪ್ಪು ಬೇಡತೊಡಗಿದವು.

"ಮಾತು ಬರ್ದಿರೋಳಿಗೆ ಇಸ್ಕೂಲೊಂದು ಕೇಡು! ಹುಳ ಸತ್ರೆ ನಿಮ್ ಮೇಷ್ಟ್ರು ಹೊಟ್ಟೆಗ್ ಹಾಕ್ತಾರೇನೇ?" ಎಂದು ಪಾಪಮ್ಮನನ್ನು ಅತ್ತೆ ಬೋರಮ್ಮ ಗದರಿದಳು.

"ಹೋಗ್ದಿದ್ರೆ ಹೆಸರು ಹೊಡ್ದಾಕ್ತಾರೆ, ಅತ್ತೆ."

"ಈ ಬೆಳೆ ಮುಗೀಲಿ, ಆಮೇಲೆ ಹೋಗೀವಂತೆ."

ಈ ಬೆಳೆ ಮುಗಿಯುತ್ತಲೇ ಮುಂದಿನ ಬೆಳೆಗೆ ಮೊಟ್ಟೆ ಬರುವುದು ಪಾಪಮ್ಮನಿಗೆ ಗೊತ್ತಿತ್ತು. ಹೊನ್ನಿ ಸ್ಲೇಟು ಹಿಡಿದು ಸೆರಗು ಜಗ್ಗಿದಳು. 'ನಾಳೆ' ಎನ್ನುವ ಸನ್ನೆ ಮಗುವಿಗೆ ಅರ್ಥವಾಗುತ್ತಿತ್ತು. ಸುಳ್ಳು ಹೇಳಲು ಕೈ ಏಳದೆ, ಪಾಪಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡಳು.