ಹೊತ್ತು ಮುಳುಗದ ಸಂಜೆ

ಸ್ಟೀಲ್ ತಾಟಿಗೆ ಸೌಟು ಬಡಿಯುವ ಸದ್ದು. ಹುಕ್ಕೇರಿಯ ನಮ್ಮ ಓಣಿಯಲ್ಲಿ ಈ ಸದ್ದು ಕೇಳಿತೆಂದರೆ ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಉಳಿದಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಹಿತ್ತಲಿನ ಮೆಟ್ಟಿಲ ಮೇಲೆ ನಿಂತು ಸೀತಾಬಾಯಿ ಮಗಳನ್ನು ಊಟಕ್ಕೆ ಕರೆಯುತ್ತಿರುತ್ತಾರೆ. ಜೈನರ ಮನೆ ಅದು. ಕತ್ತಲಾದ ಮೇಲೆ ಅಲ್ಲಿ ಯಾರೂ ಒಂದು ತುತ್ತನ್ನೂ ಬಾಯಿಗಿಡುವುದಿಲ್ಲ.

ಮಗಳು ಸೋನಾಲಿ ಗೋಕಾಕದ ಚಷ್ಮಾ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುತ್ತಾಳೆ. ವಾರಕ್ಕೊಂದು ದಿನ ಅದೇ ಕೆಲಸಕ್ಕೆ ಮೂಡಲಗಿಗೆ ಹೋಗುತ್ತಾಳೆ. ವಯಸ್ಸು ಮೂವತ್ತು ದಾಟಿದೆ. ಚಿಕ್ಕಂದಿನಿಂದ ಅವಳ ದಿನ ಸೂರ್ಯನ ಜೊತೆಗೇ ಮುಗಿಯುತ್ತ ಬಂದಿದೆ. ಕಾಲೇಜಿನ ಗೆಳತಿಯರು ಸಂಜೆ ತಿರುಗಾಡಲು ಹೊರಟರೆ ಇವಳು ಮನೆಯ ದಾರಿ ಹಿಡಿಯುತ್ತಿದ್ದಳು. ಯಾರೂ ಬೈದು ಕರೆದದ್ದಿಲ್ಲ. ತಾಟಿನ ಸದ್ದೇ ಸಾಕಾಗುತ್ತಿತ್ತು.

ಚಳಿಗಾಲದಲ್ಲಿ ಬಸ್ಸು ಊರು ಮುಟ್ಟುವ ಮೊದಲೇ ಕತ್ತಲಾಗುತ್ತದೆ. ಆಗ ಅವಳು ಬೆಳಕಿರುವಾಗಲೇ ದಾರಿಯ ಘಟಪ್ರಭಾದಲ್ಲಿ ಇಳಿದು, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಾಳೆ. ಮಿರಜದ ಕಡೆಯ ಗಾಡಿ ಬಂದು ನಿಲ್ಲುತ್ತದೆ. ಕಿಟಕಿಯ ಬಳಿ ಕೂತವರು ಅವಳ ರೊಟ್ಟಿಯನ್ನು ನೋಡುತ್ತಾರೆ, ಅವಳು ಅವರ ಮುಖಗಳನ್ನು ನೋಡುತ್ತಾಳೆ. ತುತ್ತು ಬಾಯಲ್ಲಿರುವಾಗಲೇ ಗಾಡಿ ಹೊರಟುಹೋಗುತ್ತದೆ. ಎಲ್ಲಿಗಾದರೂ ಹೋಗಬೇಕೆಂಬ ಆಸೆ ಅವಳಿಗೆ ಹುಟ್ಟಿದ್ದು ಆ ಬೆಂಚಿನ ಮೇಲೆ.

ಹೋದ ವರ್ಷ ಜೂನಿನಲ್ಲಿ ಹೋಗಿಯೇಬಿಟ್ಟಳು. ಬೆನ್ನಿಗೊಂದು ಚೀಲ, ಜೊತೆಗೆ ಯಾರೂ ಇಲ್ಲ, ಜಾರ್ಜಿಯಾ ದೇಶಕ್ಕೆ. ಚೀಲದ ಹರಿದ ಪಟ್ಟಿಯನ್ನು ಹೊಲಿದುಕೊಟ್ಟವಳು ಪಕ್ಕದ ಮನೆಯ ಟೇಲರ್ ಮುಮ್ತಾಜ.

"ಈ ಚೀಲಾ ಹೊತ್ರ ನೀ ಪರದೇಶಕ್ಕ ಹೊಂಟಂಗ ಕಾಣೂದಿಲ್ಲ," ಎಂದಳು ಮುಮ್ತಾಜ. "ಜ್ವಾಳಾ ಬೀಸಾಕ ಗಿರಣಿಗಿ ಹೊಂಟಂಗ ಕಾಣ್ತಿ."

ಸೀತಾಬಾಯಿ ಬೇಡ ಎನ್ನಲಿಲ್ಲ. ಮಗಳ ಚೀಲಕ್ಕೆ ಶೇಂಗಾ ಚಟ್ನಿಯ ಪೊಟ್ಟಣ ಇಡುತ್ತ ಒಂದು ಮಾತು ಹೇಳಿದರು. "ನೀ ಬರೂ ದಿನ ನಂದು ಉಪವಾಸ. ನೀ ಹೊಸ್ತಿಲಾ ತುಳದ ಮ್ಯಾಲನ ನನ್ನ ಊಟ."

"ಆಯಿ, ಸಕ್ಕರಿ ಬ್ಯಾನಿ ಐತಿ ನಿನಗ. ಉಪವಾಸ ಮಾಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಏನ ನನ್ನ ಮಗಳ? ನೀ ಹೊತ್ತು ಮುಳಗೂದ್ರಾಗ ಬಾ, ಮುಗೀತು."

ಹೊತ್ತು ಮುಳುಗಿದ ಮೇಲೆ ಬಂದರೆ ಆಯಿ ಮರುದಿನ ಬೆಳಗಿನವರೆಗೂ ಉಣ್ಣುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ.

ಟಿಬಿಲಿಸಿ ನಗರದ ಗುಡ್ಡದ ಓಣಿಯೊಂದರಲ್ಲಿ ನಿನೋ ಎಂಬ ಹಿರಿಯ ಹೆಂಗಸಿನ ಮನೆಯ ಕೋಣೆಯಲ್ಲಿ ಸೋನಾಲಿ ಇಳಿದುಕೊಂಡಿದ್ದಳು. ಅಂಗಳದಲ್ಲಿ ದ್ರಾಕ್ಷಿ ಚಪ್ಪರ, ಅದರ ಕೆಳಗೆ ಊಟದ ಮೇಜು. ಇಬ್ಬರ ನಡುವೆ ಇದ್ದದ್ದು ನಾಲ್ಕು ಇಂಗ್ಲಿಷ್ ಮಾತು, ಉಳಿದದ್ದು ಕೈಸನ್ನೆ. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಬೇಡವೆಂದು ಮೊದಲ ದಿನವೇ ಸೋನಾಲಿ ಕೈಯಾಡಿಸಿ ತೋರಿಸಿದ್ದಳು. ನಿನೋ ಅವಳಿಗೆ ಬಿಸಿ ರೊಟ್ಟಿ, ಸೌತೆಕಾಯಿ, ಟೊಮೆಟೊ ಇಡುತ್ತಿದ್ದಳು. ತಾನು ಮಾತ್ರ ಶೇಂಗಾ ಚಟ್ನಿಯನ್ನು ಚಮಚದಲ್ಲಿ ತಿಂದು ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸೋನಾಲಿ ಅಲ್ಲಿ ಎಷ್ಟೋ ನೋಡಿದಳು. ಅವಳನ್ನು ಹಿಡಿದುಕೊಂಡದ್ದು ಮಾತ್ರ ಅಲ್ಲಿನ ಸಂಜೆ. ಊಟ ಮುಗಿದಿರುತ್ತಿತ್ತು, ನೇಮ ತಪ್ಪಿರುತ್ತಿರಲಿಲ್ಲ, ಆದರೂ ಬೆಳಕು ಉಳಿದಿರುತ್ತಿತ್ತು. ಹೊಟ್ಟೆ ತುಂಬಿಸಿಕೊಂಡು ಹೊಳೆಯ ದಂಡೆಗೆ ನಡೆದು ಹೋಗಬಹುದಿತ್ತು. ಯಾರಾದರೂ ವಾದ್ಯ ನುಡಿಸುತ್ತಿದ್ದರೆ ಅಲ್ಲಿಯೇ ನಿಲ್ಲಬಹುದಿತ್ತು. ಮನೆಗೆ ಓಡುವಂಥದ್ದು ಏನೂ ಇರಲಿಲ್ಲ. ಇಷ್ಟು ವರ್ಷ ತನ್ನ ಕೈಗೆ ಸಿಗದೆ ಹೋದ ಸಂಜೆಗಳೆಲ್ಲ ಇಲ್ಲಿ ಬಂದು ಕೂತಿದ್ದವೋ ಎನ್ನಿಸಿತಂತೆ ಅವಳಿಗೆ.

ವಿಮಾನ ಹೊರಡುವ ದಿನ. ರಾತ್ರಿ ಹತ್ತಕ್ಕೆ ದಿಲ್ಲಿಯ ವಿಮಾನ. ಚೀಲ ಕಟ್ಟಿ, ಫೋನನ್ನು ಮೇಲಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಸೋನಾಲಿ ಕೊನೆಯ ಊಟಕ್ಕೆ ಅಂಗಳಕ್ಕೆ ಇಳಿದಳು. ಸೂರ್ಯ ಎದುರು ಗುಡ್ಡದ ಮೇಲೆ ಇನ್ನೂ ಒಂದು ಮಾರು ಎತ್ತರದಲ್ಲಿದ್ದ. ಅವರ ಮನೆಯಲ್ಲಿ ಸಂಜೆಯ ಹೊತ್ತು ಗಡಿಯಾರ ನೋಡುವ ರೂಢಿಯೇ ಇಲ್ಲ. ಬಿಸಿಲು ಗೋಡೆಯ ಮೇಲೆ ಎಲ್ಲಿದೆ ಎಂದು ನೋಡಿದರೆ ಆಯಿತು. ಆ ಬಿಸಿಲು ಅವಳಿಗೆ ಹುಕ್ಕೇರಿಯ ಆರು ಗಂಟೆ ಎಂದು ಹೇಳಿತು. ಕಣ್ಣು ಅದನ್ನು ನಂಬಿತು. ನಿಧಾನವಾಗಿ ಉಂಡಳು. ನಿನೋ ತನ್ನ ಮದುವೆಯ ಫೋಟೋ ತಂದು ತೋರಿಸಿದಳು. ಸೋನಾಲಿ ಕಾಲು ಚಾಚಿ ಕೂತಳು.

ತಾಟು ಎತ್ತಲು ಒಳಗೆ ಹೋದ ನಿನೋ ಗಡಿಯಾರ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದಳು. ಗಂಟೆ ಎಂಟು ದಾಟಿ ಹೋಗಿತ್ತು.

ನಿನೋಳ ಹಳೆಯ ಕಾರು ಇಳಿಜಾರಿನಲ್ಲಿ ಗಡಗಡ ನಡುಗುತ್ತ ಓಡಿತು. ಎರಡು ಕಡೆ ವಾಹನಗಳ ಸಾಲಿನಲ್ಲಿ ಸಿಕ್ಕಿ ನಿಂತಿತು. ಸೋನಾಲಿ ಮಡಿಲಲ್ಲಿ ಚೀಲ ಅಪ್ಪಿಕೊಂಡು ಕೂತಿದ್ದಳು. ಈ ವಿಮಾನ ತಪ್ಪಿದರೆ ಮುಂದಿನದು ಎಂದೋ. ಆಯಿ ನಾಳೆ ಬೆಳಗ್ಗೆಯಿಂದ ನೀರು ಕುಡಿದು ಕೂತಿರುತ್ತಾರೆ. ತಾಟು ಅವರ ಮುಂದೆ ಬೋರಲಾಗಿಯೇ ಇರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಕಿಟಕಿಯ ಆಚೆಗಿನ ಬೆಳಕನ್ನು ನೋಡುವುದನ್ನು ಬಿಡಲಾಗಲಿಲ್ಲ.

"ಖರೆ ಹೇಳ್ತೀನಿ ಆಪಾ," ಎಂದು ಅವಳು ಎಷ್ಟೋ ದಿನಗಳ ಮೇಲೆ ಮುಮ್ತಾಜಳಿಗೆ ಹೇಳಿದಳು. "ವಿಮಾನದ ಬಾಗಲಾ ಮುಚ್ಚಿರ್ಲಿ ಅಂತ ಒಂದ ಸಲ ಅನಸ್ತು. ಇನ್ನೊಂದ ಸಂಜಿ ಸಿಕ್ಕೀತಲ್ಲ ಅಂತ. ಆಮ್ಯಾಲ ಆಯಿ ಮಾರಿ ಕಣ್ಣಮುಂದ ಬಂತು. ಓಡಿದೆ."

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಎದ್ದು ನಿಂತು ತನ್ನ ನೀರಿನ ಬಾಟಲಿ ಎತ್ತಿಕೊಳ್ಳುತ್ತಿದ್ದಳು. ಸೋನಾಲಿಯ ಮುಖ ನೋಡಿ ಮತ್ತೆ ಕೂತಳು. ವಿಮಾನ ಹತ್ತುವ ಚೀಟಿ ಕೈಗೆ ಬಂದಾಗ ಸೋನಾಲಿ ತಿರುಗಿ ನೋಡಿದಳು. ಗಾಜಿನ ಆಚೆ ಆಕಾಶ ಇನ್ನೂ ಕೆಂಪಗಿತ್ತು. ನಿನೋ ಕೈ ಬೀಸುತ್ತಿದ್ದಳೋ ಕಣ್ಣೊರೆಸಿಕೊಳ್ಳುತ್ತಿದ್ದಳೋ ದೂರದಿಂದ ಗೊತ್ತಾಗಲಿಲ್ಲ.

ಮರುದಿನ ದಿಲ್ಲಿ, ಬೆಳಗಾವಿ, ಕೊನೆಗೆ ಹುಕ್ಕೇರಿಯ ಬಸ್ಸು. ಬಸ್ ಸ್ಟ್ಯಾಂಡಿನಿಂದ ಅವಳು ಚೀಲ ಹೊತ್ತು ಓಡಿ ಬಂದದ್ದನ್ನು ಓಣಿಯೆಲ್ಲ ನೋಡಿತು. ಸೀತಾಬಾಯಿ ಮೆಟ್ಟಿಲ ಮೇಲೆ ಸೌಟು ಹಿಡಿದು ನಿಂತಿದ್ದರು. ಪ್ರಯಾಣ ಹೇಗಾಯಿತು ಎಂದು ಕೇಳಲಿಲ್ಲ.

"ಕೈ ತೊಳಕೋ," ಎಂದರು. "ಇನ್ನೂ ಬೆಳಕ ಐತಿ."

ಇಬ್ಬರೂ ಕೂತು ಉಂಡರು. ಆಯಿ ಮೊದಲ ರೊಟ್ಟಿಯನ್ನು ಅವಸರದಲ್ಲಿ ಮುಗಿಸಿದರು. ಕೊನೆಯ ತುತ್ತಿನ ಹೊತ್ತಿಗೆ ಸೋನಾಲಿ ವಿಮಾನ ತಪ್ಪಿಹೋಗುತ್ತಿದ್ದ ಕಥೆಯನ್ನೆಲ್ಲ ಹೇಳಿಬಿಟ್ಟಳು. ಹೊತ್ತು ನೋಡಿ ಉಣ್ಣಲು ಕಲಿಸಿದವರೇ ತಾವು ಎಂದು ಸೀತಾಬಾಯಿ ನಕ್ಕರು. ಆಮೇಲೆ ಖಾಲಿ ತಾಟನ್ನು ನೋಡುತ್ತ ಕೇಳಿದರು. "ಉಂಡ ಮ್ಯಾಲೂ ಅಷ್ಟ ಹೊತ್ತು ಬಿಸಲ ಇರತೈತಿ? ಹಂಗಾರ ಉಂಡು ಅಡ್ಡಾಡಾಕ ಹೋಗಬೌದಲ್ಲ."

ಆಮೇಲೆ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಸೋನಾಲಿ ಅದನ್ನು ಮರೆಯಲಿಲ್ಲ.

ಈಗ ಮತ್ತೆ ಜೂನ್. ಅಂಗಡಿಯಿಂದ ಬಂದ ಸೋನಾಲಿ ಕಂಪೌಂಡಿಗೆ ಒರಗಿ ನಿಂತಿದ್ದಾಳೆ. ಆಚೆ ಬದಿ ಮುಮ್ತಾಜ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಾಳೆ.

"ನಾವು ರಂಜಾನ್ ರೋಜಾದಾಗ ಹೊತ್ತು ಲಗೂನ ಮುಳಗ್ಲಿ ಅಂತ ಕಾಯ್ತೀವಿ," ಎಂದಳು ಮುಮ್ತಾಜ. "ನೀವು ಮುಳಗಬ್ಯಾಡ ಅಂತೀರಿ. ನಡುವ ಆ ಸೂರ್ಯಾ ಏನ ಮಾಡಬೇಕ ಪಾಪ?"

ಸೋನಾಲಿ ನಕ್ಕಳು. ಬಿಸಿಲು ಗೋಡೆಯ ತುದಿಗೆ ಏರಿತ್ತು.

"ಮತ್ತ ಹೊಕ್ಕೀಯೇನ ಅಲ್ಲಿಗೆ?"

"ಅಲ್ಲಿ ಈಗಿನ್ನೂ ಬಿಸಲ ಅಂಗಳದಾಗ ಇರತೈತಿ, ಆಪಾ. ನಿನೋ ಚಪ್ಪರದ ಕೆಳಗ ಕೂತಿರತಾಳ. ಈ ಸಲ ಒಬ್ಬಾಕಿನ ಹೋಗೂದಿಲ್ಲ ನಾ..."

ಹಿತ್ತಲಿನಿಂದ ತಾಟಿನ ಸದ್ದು ಬಂತು. ಸೋನಾಲಿ ಚಪ್ಪಲಿ ಮೆಟ್ಟಿಕೊಂಡು, ಹಿಂದಿರುಗಿ ನೋಡದೆ, ಮಾತನ್ನು ಮುಂದುವರಿಸುತ್ತಲೇ ಮನೆಯ ಕಡೆ ನಡೆದಳು. "ಆಯಿನ್ನ ಕರಕೊಂಡ ಹೊಕ್ಕೀನಿ, ಅಲ್ಲಿ ಉಂಡ ಮ್ಯಾಲ ಇಬ್ರೂ ಕೂಡಿ ಹೊಳಿ ದಂಡಿಗುಂಟ ಅಡ್ಡಾಡ್ತೀವಿ..."