ಅದೂ ಒಂದು ಮುದ್ರೆ

ಎಪ್ಪತ್ತರ ದಶಕದ ಕೊನೆಯಲ್ಲಿ, ತುಮಕೂರಿನ ಒಂದು ಶಾಲೆಯ ಹಾಲಿನಲ್ಲಿ ಬೆಳಗಿನ ಹೊತ್ತು ನಮಗೆ ಯೋಗ ಕಲಿಸುತ್ತಿದ್ದ ಮೇಷ್ಟ್ರು ಬನಿಯನ್ನಿಗೂ ಇಸ್ತ್ರಿ ಹಾಕಿಸಿ ತೊಡುತ್ತಿದ್ದರು. ನಾವು ಗುಮಾಸ್ತರು ಯಾರಾದರೂ ಜೋರಾಗಿ ನಕ್ಕರೆ ಸಾಕು, ಕಿಟಕಿಯ ಕಡೆ ನೋಡಿ, "ನೋಡ್ದೋರು ಏನಂತಾರೆ?" ಅನ್ನುತ್ತಿದ್ದರು.

ಗೋಡೆಯ ಮೇಲೆ ಅಂಗೈಯಗಲದ ಹಳೇ ಚಿತ್ರವೊಂದಿತ್ತು. ಮೈಸೂರು ಅರಮನೆಯ ಚಿತ್ರಗಾರರು ಬರೆದದ್ದಂತೆ. ಪದ್ಮಾಸನದಲ್ಲಿ ಕೂತ ರಾಜಕುಮಾರ, ಕೊರಳಲ್ಲಿ ಮುತ್ತಿನ ಸರ. ಬಲಗೈ ಮಾತ್ರ ಮುಂದಕ್ಕೆ ಚಾಚಿ ಗಾಳಿಯಲ್ಲಿ ನಿಂತಿತ್ತು.

"ಆ ಕೈ ಯಾಕೆ ಹಂಗಿದೆ ಸಾರ್?" ಎಂದು ಒಮ್ಮೆ ಕೇಳಿದೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಅದೂ ಒಂದು ಮುದ್ರೆ ಕಣ್ರೀ" ಅಂದರು. ಮರುದಿನದಿಂದ ನಾವೆಲ್ಲ ಕೈ ಚಾಚಿಯೇ ಕೂರತೊಡಗಿದೆವು. ಬೇರೆ ದಾರಿಯಿಲ್ಲದೆ ಅವರೂ.

ಒಂದು ದಿನ ಗುಬ್ಬಿಯ ತವರಿಗೆ ಹೊರಟಿದ್ದ ಅವರ ಹೆಂಡತಿ ಮನೆ ಕೀ ಕೊಡಲು ಬಂದರು. ನಾವೆಲ್ಲ ಕೈ ಚಾಚಿ ಕೂತಿದ್ದೆವು. ಆಕೆ ನಮ್ಮನ್ನು ನೋಡಿದರು, ಆಮೇಲೆ ಗೋಡೆಯನ್ನು ನೋಡಿದರು.

"ಏನ್ರೀ, ಇದು ನಮ್ಮ ತಾತ ಬರ್ದಿದ್ದಲ್ವಾ? ಟ್ರಂಕಲ್ಲಿತ್ತಲ್ಲ! ಈ ರಾಜಕುಮಾರನ ಎದುರಿಗೆ ಅವನ ಹುಡುಗೀನೂ ಹಿಂಗೇ ಕೂತಿದ್ಲು. ಈ ಕೈ ಅವಳ ಗಲ್ಲ ಹಿಡ್ಕೊಂಡಿತ್ತು. ಅವಳೆಲ್ಲಿ?"

ಮೇಷ್ಟ್ರು ಕಿಟಕಿಯ ಕಡೆ ನೋಡಲಿಲ್ಲ. "ನಾಲ್ಕು ಜನ ಬರೋ ಜಾಗ ಅಂತ ಕತ್ತರಿಸ್ದೆ ಕಣೇ. ಆ ಅರ್ಧಾನ... ಬಚ್ಚಲ ಒಲೆಗೆ ಹಾಕ್ಬಿಟ್ಟೆ."

ಆಕೆ ಕೀಯನ್ನು ಬಾಗಿಲ ಬಳಿ ನೆಲದ ಮೇಲಿಟ್ಟು ಹೊರಟುಹೋದರು.

ನಾವು ಒಬ್ಬೊಬ್ಬರಾಗಿ ಕೈ ಇಳಿಸಿದೆವು. ಮೇಷ್ಟ್ರ ಕೈ ಮಾತ್ರ ಹಾಗೇ ಗಾಳಿಯಲ್ಲಿತ್ತು.